ಏಳನೇ ಕೋಣೆಯ ಇಪ್ಪತ್ತೊಂದು

ಮಾರ್ಚ್ ತಿಂಗಳ ಮೂರನೆಯ ವಾರ. ಮೆಲ್ಬರ್ನಿನ ಪೂರ್ವಕ್ಕೆ, ಗುಡ್ಡದ ಸೆರಗಿನ ತೋಟಗಳಲ್ಲಿ ಗಾಲಾ ತಳಿಯ ಸೇಬಿನ ಕೊಯ್ಲು ಮುಗಿಯುತ್ತ ಬಂದಿತ್ತು. ಬೆಳಗಿನ ಇಬ್ಬನಿ ಆರುವ ತನಕ ಹಣ್ಣಿಗೆ ಕೈ ಹಚ್ಚಬಾರದೆಂಬುದು ಅಲ್ಲಿಯ ನೇಮ. ಒದ್ದೆ ಹಣ್ಣಿನ ಮೇಲೆ ಬೆರಳಿನ ಗುರುತು ಮೂಡಿ ಆಮೇಲೆ ಕಪ್ಪಾಗುತ್ತದೆ. ಹಾಗಾಗಿ ಕೊಯ್ಯುವವರು ಗಿಡದ ಸಾಲಿನಲ್ಲಿ ಬಿಸಿಲು ಕಾಯುತ್ತ ನಿಂತಿದ್ದರೆ, ಶೆಡ್ಡಿನೊಳಗೆ ಮಾತ್ರ ನಿನ್ನೆಯ ಹಣ್ಣು ಆಗಲೇ ಯಂತ್ರದ ಓಡುವ ಪಟ್ಟಿಯ ಮೇಲೆ ಉರುಳತೊಡಗಿತ್ತು. ಪಟ್ಟಿಯ ಪಕ್ಕದಲ್ಲಿ ನಿಂತು ಪೆಟ್ಟು ಬಿದ್ದದ್ದು, ಹುಳು ಹೊಕ್ಕದ್ದು, ತೊಟ್ಟು ಕಿತ್ತದ್ದು ಆರಿಸಿ ತೆಗೆಯುವುದು ಶಿವಪುತ್ರಪ್ಪನ ಕೆಲಸ.

ಐವತ್ತನಾಲ್ಕು ವರ್ಷದ ಆಳು. ಬೈಲಹೊಂಗಲ ಕಡೆಯ ಒಕ್ಕಲುಮಗ, ಧಾರವಾಡದಲ್ಲಿ ಕೃಷಿ ಪದವಿ ಓದಿ ಈ ದೇಶಕ್ಕೆ ಬಂದವನು. ಮೂರು ವರ್ಷದ ಹಿಂದೆ ಇಲ್ಲಿಂದ ಹತ್ತು ಮೈಲಿ ದೂರದ ದೊಡ್ಡ ಶೀತಗೃಹದಲ್ಲಿ ಮ್ಯಾನೇಜರ್ ಆಗಿದ್ದ. ಈಗ ಗಂಟೆಯ ಲೆಕ್ಕದ ಕೆಲಸ. ಶೆಡ್ಡಿನ ಉಳಿದವರಿಗೆ ಆತನ ಹಿಂದಿನ ಕತೆ ಗೊತ್ತಿತ್ತು. ಗೊತ್ತಿದೆ ಎಂದು ಯಾರೂ ತೋರಿಸಿಕೊಳ್ಳುತ್ತಿರಲಿಲ್ಲ. ಆದರೆ ಬಾಗಿಲ ಕೀಲಿಗಳ ಗೊಂಚಲು ಮೇಜಿನ ಮೇಲೆ ಬಿದ್ದಿದ್ದರೆ, ಆತ ಒಳಗೆ ಬರುತ್ತಲೇ ಯಾರಾದರೊಬ್ಬರು ಅದನ್ನು ಮೆಲ್ಲಗೆ ಎತ್ತಿಕೊಳ್ಳುತ್ತಿದ್ದರು.

ಹತ್ತು ಗಂಟೆಯ ಚಹಾದ ಹೊತ್ತಿಗೆ ಹೃಷಿಕೇಶ್ ಬಂದ. ಬೆಂಗಳೂರಿನ ಹುಡುಗ, ಮೂವತ್ತರ ಒಳಗು ಹೊರಗು. ಆ ಹಳೆಯ ಶೀತಗೃಹದ ಕಂಪ್ಯೂಟರ್ ತೆಗೆದು ಹೊಸದು ಹಾಕುವ ಕೆಲಸಕ್ಕೆ ಬಂದಿದ್ದ. ಹೋದ ವಾರ ಫೋನ್ ಮಾಡಿ, ಹಳೆಯ ಪರದೆಯಲ್ಲಿ ಯಾವ ಕೀಲಿ ಒತ್ತಿದರೆ ಏನಾಗುತ್ತದೆ ಎಂದು ಕೇಳಿದ್ದ. ಹೇಳುವವರು ಬೇರೆ ಯಾರೂ ಉಳಿದಿರಲಿಲ್ಲ.

"ಅಂಕಲ್, ಹತ್ತು ನಿಮಿಷ ಸಿಗ್ತೀರಾ? ಕಾರಲ್ಲಿ ಕೂತ್ಕೊಳ್ಳೋಣ."

"ಚಾ ಕುಡದು ಹೋಗೂಣಂತ ತಡಿಯೋ. ಏನ್ ಬೆಂಕಿ ಹತ್ತೇತಿ?"

ಹೃಷಿಕೇಶ್ ನಗಲಿಲ್ಲ. ಶಿವಪುತ್ರಪ್ಪ ಲೋಟ ಅಲ್ಲೇ ಇಟ್ಟು ಎದ್ದ.

ಆ ಶೀತಗೃಹದಲ್ಲಿ ಹನ್ನೆರಡು ಕೋಣೆಗಳು. ಕೊಯ್ದ ಸೇಬು ತುಂಬಿ, ಬಾಗಿಲು ಬಿಗಿದು, ಒಳಗಿನ ಗಾಳಿಯ ಆಮ್ಲಜನಕವನ್ನು ನೂರಕ್ಕೆ ಎರಡು ಪಾಲಿಗೆ ಇಳಿಸಿಬಿಟ್ಟರೆ ಹಣ್ಣು ನಿದ್ದೆ ಹೋಗುತ್ತದೆ. ಹತ್ತು ತಿಂಗಳ ಮೇಲೆ ತೆಗೆದರೂ ನಿನ್ನೆ ಕೊಯ್ದಂತಿರುತ್ತದೆ. ಮನುಷ್ಯ ಆ ಗಾಳಿಯಲ್ಲಿ ಎರಡು ಉಸಿರು ಎಳೆದರೆ ಮೂರನೆಯದು ಇರುವುದಿಲ್ಲ. ಹೊರಗಿನ ಬಯಲು ಗಾಳಿಯಲ್ಲಿ ಇಪ್ಪತ್ತೊಂದು ಪಾಲು ಇರುತ್ತದೆ. ಅದಕ್ಕೇ ಕೋಣೆ ತೆರೆಯುವ ಹಿಂದಿನ ದಿನ ಫ್ಯಾನು ಹಾಕಿ ಹೊರಗಾಳಿ ತುಂಬಿಸಿ, ಪರದೆಯ ಮೇಲೆ ಆ ಕೋಣೆಯ ಮುಂದೆ ಇಪ್ಪತ್ತೊಂದು ಬಂದದ್ದು ನೋಡಿ, ಆಮೇಲೆ ಬೀಗ ಬಿಡಿಸಬೇಕು. ಬೀಗ ಬಿಡಿಸುವುದೂ ಕಂಪ್ಯೂಟರಿನ ಕೆಲಸವೇ. ಅಂಕಿ ಸಾಲದಿದ್ದರೆ ಅದು ಬಿಡುವುದಿಲ್ಲ. ಆಪತ್ತಿಗೆ ಇರಲೆಂದು ಒಂದು ಕೈಕೀಲಿ ಮ್ಯಾನೇಜರ್ ಹತ್ತಿರ ಇರುತ್ತಿತ್ತು.

ಮೂರು ವರ್ಷದ ಹಿಂದೆ, ಒಂದು ಬುಧವಾರ ಮಧ್ಯಾಹ್ನ, ಶಿವಪುತ್ರಪ್ಪ ಪರದೆ ನೋಡಿದ. ಏಳನೇ ಕೋಣೆ, ಇಪ್ಪತ್ತೊಂದು. ಬೀಗ ಬಿಡಿಸಿದ. ಬಾಗಿಲಲ್ಲಿ ಕಾಯುತ್ತಿದ್ದ ಗುರುದತ್ತ, ಅಲ್ಲಿಯ ಮೀಟರುಗಳನ್ನೂ ಕಂಪ್ಯೂಟರನ್ನೂ ನೋಡಿಕೊಳ್ಳುತ್ತಿದ್ದ ಮೈಸೂರಿನವನು, ಗಾಳಿ ಎಳೆಯುವ ನಳಿಗೆಯೊಂದನ್ನು ಸರಿಮಾಡಲು ಒಳಗೆ ಹೋದ. ಕಿಸೆಯಲ್ಲಿರಬೇಕಾದ ಸಣ್ಣ ಮೀಟರು ಅಂದು ಚಾರ್ಜಿಗೆ ಹಾಕಿತ್ತು. ಐದು ನಿಮಿಷ ಕಳೆದು ಹೊರಗಿನಿಂದ ಕೂಗಿದರೆ ಉತ್ತರವಿಲ್ಲ.

ಹಿಂದಿನ ದಿನ ಫ್ಯಾನು ಹಾಕಿದ ಸ್ವಲ್ಪದರಲ್ಲೇ ಕರೆಂಟು ಹೋಗಿ ಅದು ನಿಂತುಬಿಟ್ಟಿತ್ತೆಂದು ಆಮೇಲೆ ತಿಳಿಯಿತು. ಕಂಪ್ಯೂಟರಿನ ದಾಖಲೆ ತೆಗೆದರೆ ಆ ಹೊತ್ತಿಗೆ ಏಳನೇ ಕೋಣೆಯಲ್ಲಿ ಎರಡು ಎಂದೇ ಇತ್ತು. ಎರಡು ಇದ್ದಾಗ ಬೀಗ ತಾನಾಗಿ ಬಿಡಲಾರದು. ಅಂದಮೇಲೆ ಮ್ಯಾನೇಜರ್ ಪರದೆ ನೋಡದೆ ಕೈಕೀಲಿ ತಿರುವಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿದರು. ಎಂಟು ತಿಂಗಳು ಶಿವಪುತ್ರಪ್ಪ ಇಪ್ಪತ್ತೊಂದು ನೋಡಿದೆ ಎಂದೇ ಹೇಳಿದ. ಒಂಬತ್ತನೇ ತಿಂಗಳು, ವಕೀಲರು ಬರೆದು ತಂದ ಕಾಗದಕ್ಕೆ ಸಹಿ ಹಾಕಿದ. 'ನಾನು ತಪ್ಪಾಗಿ ಓದಿರಬಹುದು, ಕೀಲಿ ಬಳಸಿರಬಹುದು.' ಜೈಲು ತಪ್ಪಿತು. ಕೆಲಸ ಹೋಯಿತು. ಅಂದಿನಿಂದ ಆತನನ್ನು ತಿನ್ನುತ್ತಿದ್ದದ್ದು ಒಂದೇ: ತಾನು ಅಂದು ನೋಡಿದ್ದು ನಿಜವೋ, ನೋಡಿದೆ ಎಂದು ಆಮೇಲೆ ಅನ್ನಿಸಿದ್ದೋ.

ಕಾರಿನಲ್ಲಿ ಹೃಷಿಕೇಶ್ ಲ್ಯಾಪ್‌ಟಾಪ್ ತೆರೆದ. ಕಪ್ಪು ಕಿಟಕಿ, ಹಸಿರು ಅಕ್ಷರ, ಹನ್ನೆರಡು ಸಾಲು. ಮೂರು ವರ್ಷದಿಂದ ಶಿವಪುತ್ರಪ್ಪ ಆ ಪರದೆ ಕಂಡಿರಲಿಲ್ಲ.

"ಅಂಕಲ್, ಈ ಸ್ಕ್ರೀನ್ ಅಂದ್ರೆ ಒಂದು ಚೌಕಳಿ ಹಾಳೆ ಅನ್ಕೊಳ್ಳಿ. ಒಂದೊಂದು ಮನೇಲಿ ಒಂದೊಂದು ಅಕ್ಷರ. ಮೇಲಿಂದ ಹೊಸದಾಗಿ ಬರೆದ್ರೆ ಬರೆದಷ್ಟು ಮನೆ ಮಾತ್ರ ಬದಲಾಗುತ್ತೆ. ಪಕ್ಕದ ಮನೇಲಿ ಹಳೇದು ಇದ್ರೆ ಅದು ಹಂಗೇ ಕೂತಿರುತ್ತೆ, ಯಾರಾದ್ರೂ ಒರೆಸೋವರೆಗೆ."

"ಪಾಟೀ ಇದ್ದಂಗ."

"ಪಾಟಿ ಅಂದ್ರೆ?"

"ಸ್ಲೇಟೋ ಮಾರಾಯಾ. ಮುಂದ ಹೇಳು."

"ಮೀಟರ್‌ನ ಕೈಯಿಂದ ಸರಿ ಮಾಡ್ತಿದ್ರಲ್ಲ, ಕ್ಯಾಲಿಬ್ರೇಷನ್, ಆಗ ಅದು ಹೊರಗಿನ ಗಾಳಿ ಎಳ್ಕೊಳ್ಳುತ್ತೆ. ಸ್ಕ್ರೀನ್ ಮೇಲೆ ಇಪ್ಪತ್ತೊಂದು ಬರುತ್ತೆ. ಮುಗಿದ ಮೇಲೆ ಕೋಣೆಯ ನಿಜವಾದ ನಂಬರ್ ಬರುತ್ತೆ. ಎರಡು." ಆತ ಒಂದು ಕೀಲಿ ಒತ್ತಿದ. ಏಳನೇ ಸಾಲಿನಲ್ಲಿ 21 ಮೂಡಿತು. ಇನ್ನೊಂದು ಒತ್ತಿದ. "ಈಗ ಪ್ರೋಗ್ರಾಂ ಅಲ್ಲಿ ಎರಡು ಅಂತ ಬರೀತು. ನೋಡಿ."

ಸಾಲಿನಲ್ಲಿ 21 ಇದ್ದ ಹಾಗೇ ಇತ್ತು.

"ಏನೂ ಬದಲಾಗಲಿಲ್ಲಲ್ಲೋ."

"ಬದಲಾಯ್ತು ಅಂಕಲ್. ಮೊದಲನೇ ಮನೇಲಿದ್ದ ಎರಡರ ಮೇಲೆ ಹೊಸ ಎರಡು ಕೂತ್ಕೊಳ್ತು. ಎರಡನೇ ಮನೇಲಿದ್ದ ಒಂದನ್ನ ಯಾರೂ ಒರೆಸಲಿಲ್ಲ."

ಹೊರಗೆ ಟ್ರ್ಯಾಕ್ಟರ್ ಖಾಲಿ ಪೆಟ್ಟಿಗೆಗಳನ್ನು ಎಳೆದುಕೊಂಡು ಹೋಯಿತು.

"ಸ್ಕ್ರೀನ್ ತಪ್ಪು ತೋರಿಸಿದ್ರೂ ಬೀಗ ಬಿಡಬಾರದಿತ್ತು. ಬೀಗ ಮೀಟರ್‌ನ ಕೇಳ್ಬೇಕು. ಆದ್ರೆ ಇದನ್ನ ಬರೆದೋರು ಮೀಟರ್‌ನ ಕೇಳ್ಲಿಲ್ಲ. ಹೆಂಗಿದ್ರೂ ನಂಬರ್ ಸ್ಕ್ರೀನ್ ಮೇಲೆ ಇದ್ಯಲ್ಲ, ಅಲ್ಲಿಂದಾನೇ ವಾಪಸ್ ಓದ್ಕೊಂಡ್ರೆ ಆಯ್ತು ಅಂತ. ಸಿ ಅನ್ನೋ ಪ್ರೋಗ್ರಾಂ ಭಾಷೇಲಿ ಅದಕ್ಕೊಂದು ದಾರಿ ಇದೆ. ಕಿಟಕೀಲಿ ಇಷ್ಟನೇ ಸಾಲು, ಇಷ್ಟನೇ ಮನೇಲಿರೋ ಅಕ್ಷರ ಕೊಡು ಅಂದ್ರೆ ಕೊಡುತ್ತೆ. ಅಲ್ಲಿ ಇಪ್ಪತ್ತೊಂದು ಇತ್ತು. ಬೀಗ ಬಿಡ್ತು. ದಾಖಲೆಗೆ ಮಾತ್ರ ಮೀಟರ್‌ದೇ ನಂಬರ್ ಹೋಯ್ತು. ನೀವು ಕೈಕೀಲಿ ಮುಟ್ಟೇ ಇಲ್ಲ."

ಶಿವಪುತ್ರಪ್ಪ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಒರೆಸಿಕೊಂಡ. ಆಮೇಲೆ ಕೇಳಿದ: "ಮತ್ತ ಹದಿನೈದು ವರ್ಷ ಯಾಕ ಹಿಂಗಾಗಲಿಲ್ಲ?"

"ಅರ್ಧ ಗಂಟೆಗೊಂದ್ಸಲ ಸ್ಕ್ರೀನ್ ತಾನೇ ಪೂರ್ತಿ ಒರೆಸಿ ಬರ್ಕೊಳ್ಳುತ್ತೆ. ಇಲ್ದಿದ್ರೆ ಈ ಕೀಲಿ ಒತ್ತಿದ್ರೆ ಆಗ್ಲೇ ಒರೆಸುತ್ತೆ. ಕೈಯಿಂದ ಕ್ಯಾಲಿಬ್ರೇಷನ್ ಮಾಡೋರು ಒಬ್ರೇ ಇದ್ರು. ಅವರು ಪ್ರತಿ ಸಲ ಇದನ್ನ ಒತ್ತಿ ಏಳ್ತಿದ್ರು ಅನ್ಸುತ್ತೆ. ಅವರಿಗೆ ಗೊತ್ತಿತ್ತು." ಹೃಷಿಕೇಶ್ ಪುಟ ಸರಿಸಿ ಒಂದು ಸಾಲು ತೋರಿಸಿದ. ಪ್ರೋಗ್ರಾಮಿನ ನಡುವೆ ಬರೆದವರು ತಮಗೇ ಬರೆದುಕೊಂಡ ಟಿಪ್ಪಣಿ. 'ಸದ್ಯಕ್ಕೆ ಪರದೆಯಿಂದಲೇ ಓದು. ಆಮೇಲೆ ಸರಿಪಡಿಸಬೇಕು.' ಕೆಳಗೆ ಒಂದು ತಾರೀಕು, ಎರಡು ಅಕ್ಷರ. ಗು. ದ.

ಶಿವಪುತ್ರಪ್ಪ ಆ ಎರಡು ಅಕ್ಷರಗಳನ್ನೇ ನೋಡುತ್ತ ಕೂತ. ಆತನಿಗೆ ನೆನಪಾದದ್ದು ಪರದೆಯಲ್ಲ, ಊಟ. ಪ್ರತಿ ಬುಧವಾರ ಅವರಿಬ್ಬರೂ ಬುತ್ತಿ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಗುರುದತ್ತನ ಹೆಂಡತಿಯ ಪುಳಿಯೋಗರೆ ಈತನಿಗೆ, ಈತನ ಮನೆಯ ರೊಟ್ಟಿ, ಎಣ್ಣೆಗಾಯಿ ಅವನಿಗೆ. ಡಬ್ಬಿ ಮನೆಗೊಯ್ದು ತೊಳೆದು, ಒಳಗೆ ಒಂದು ಹಿಡಿ ಏನಾದರೂ ಹಾಕಿ ಮರುದಿನ ತಿರುಗಿ ಕೊಡಬೇಕು. ಬರಿ ಡಬ್ಬಿ ಕೊಡಬಾರದು. ಅಂದು ಗುರುದತ್ತ ಪರದೆಯ ಮುಂದೆ ಕೂತು ಏಳನೇ ಕೋಣೆಯ ಮೀಟರು ಸರಿ ಮಾಡುತ್ತಿದ್ದ. ಈತ ಬಾಗಿಲಲ್ಲಿ ನಿಂತು ಕೂಗಿದ್ದ. "ಏಳೋ ದತ್ತಾ, ರೊಟ್ಟಿ ಆರತಾವು. ಆ ಕಂಪ್ಯೂಟರ್ ಡಬ್ಬಾ ಎಲ್ಲಿ ಓಡಿ ಹೋಗತೇತಿ?" ಗುರುದತ್ತ ನಗುತ್ತ ಹಾಗೇ ಎದ್ದು ಬಂದಿದ್ದ.

"ಶುಕ್ರವಾರ ಹಳೇ ಮೆಷಿನ್ ತೆಗೀತಾರೆ ಅಂಕಲ್. ಡಿಸ್ಕ್ ಅಳಿಸ್ತಾರೆ. ನಾನು ಕಾಪಿ ಇಟ್ಕೊಂಡು ಮರಣ ವಿಚಾರಣೆ ಆಫೀಸಿಗೆ ಬರೀಬಹುದು. ಇಲ್ಲೇ ಉಳಿಯೋಕೆ ಬೇಕಾದ ನನ್ನ ಪಿಆರ್ ಇನ್ನೂ ಬಂದಿಲ್ಲ, ಸ್ಪಾನ್ಸರ್ ಮಾಡಿರೋದು ಈ ಕಂಪನಿಯೋರೇ... ಆದ್ರೂ ಬರೀತೀನಿ. ನೀವು ಹೂಂ ಅನ್ಬೇಕು."

"ಬರದ್ರ ದತ್ತನ ಹೆಸರು ಬರತೇತಿ."

"ಬರುತ್ತೆ."

ಮನೆಯಲ್ಲಿ ಹೆಂಡತಿ ರುದ್ರವ್ವ ಎಲ್ಲ ಕೇಳಿ ಬಾಯಿಗೆ ಸೆರಗು ಹಚ್ಚಿ ಅತ್ತಳು. ಅತ್ತು ಮುಗಿದ ಮೇಲೆ ಮೇಲಿನ ಕಪಾಟಿನಿಂದ ಗುರುದತ್ತನ ಡಬ್ಬಿ ಇಳಿಸಿದಳು. ಮೂರು ವರ್ಷದಿಂದ ಅದು ಅಲ್ಲೇ ಇತ್ತು. ಹಿಂದೊಮ್ಮೆ ಅವನ ಹೆಂಡತಿಗೆ ಅಂಚೆಯಲ್ಲಿ ಕಳಿಸಿದ್ದರು, ತೆಗೆದುಕೊಳ್ಳದೆ ಹಿಂದಿರುಗಿ ಬಂದಿತ್ತು.

"ಅಕಿಗೆ ಹೇಳದ ಏನೂ ಬರಸಬ್ಯಾಡ್ರಿ," ಎಂದಳು. "ನಿಮ್ಮ ಹೆಸರು ತೊಳೀಬೇಕು ಖರೆ. ಆದ್ರ ಅಕಿ ಪೇಪರಿನ್ಯಾಗ ಓದಿ ತಿಳಕೊಬಾರದು."

"ಬಾಗಲಾ ತಗೀತಾಳಂತೀ?"

"ತಗೀಲಿಲ್ಲಂದ್ರ ಹೊರಗ ನಿಂತ ಹೇಳ್ರಿ."

ಅವಳು ಶೇಂಗಾ ಹೋಳಿಗೆ ಮಾಡಿ ಡಬ್ಬಿಗೆ ತುಂಬಿದಳು.

ಗುರುವಾರ ಮಧ್ಯಾಹ್ನ ಶಿವಪುತ್ರಪ್ಪ ಸಿಡ್ನಿಯಲ್ಲಿ ಇಳಿದ. ಗುರುದತ್ತ ಸತ್ತ ಮೇಲೆ ಅವನ ಹೆಂಡತಿ ಅನಸೂಯಾ ಮಗಳು ಆದ್ಯಾಳನ್ನು ಕರೆದುಕೊಂಡು ಇಲ್ಲಿಯ ಗಿರಾವೀನ್ ಬಡಾವಣೆಯಲ್ಲಿದ್ದ ಅಣ್ಣನ ಹತ್ತಿರಕ್ಕೆ ಬಂದುಬಿಟ್ಟಿದ್ದಳು. ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರವೊಂದರಲ್ಲಿ ಕೆಲಸ. ಪೆಂಡಲ್ ಹಿಲ್ ಸ್ಟೇಷನ್ನಿನಲ್ಲಿ ಇಳಿದು ನಡೆಯುವಾಗ ಮೆಲ್ಬರ್ನಿನಲ್ಲಿಲ್ಲದ ಸೆಕೆ ಬಡಿಯಿತು. ಮನೆಗಳ ಮುಂದೆ ಕರಿಬೇವು, ನುಗ್ಗೆ, ಒಂದೆಡೆ ಬೇಲಿಗೆ ಹಬ್ಬಿದ ಅವರೆ ಬಳ್ಳಿ. ಅವರೆ ಹೂವಿಗೆ ಬಂದಿತ್ತು. ಯಾವ ಹೊತ್ತಿನಲ್ಲೂ ಬೆಳೆ ನೋಡಿ ನಿಲ್ಲುವ ಕಾಲು ಅಲ್ಲೂ ಒಂದು ಗಳಿಗೆ ನಿಂತಿತು.

ಅನಸೂಯಾ ಬಾಗಿಲು ತೆಗೆದಳು. ಕೂದಲು ಅರ್ಧಕ್ಕರ್ಧ ಬೆಳ್ಳಗಾಗಿತ್ತು.

"ಬರ್ತೀನಿ ಅಂತ ಮೆಸೇಜ್ ಮಾಡಿದ್ರಲ್ಲ, ಬೇಡ ಅಂತ ಟೈಪ್ ಮಾಡಿದ್ದೆ," ಎಂದಳು. "ಯಾಕೋ ಕಳಿಸಲಿಲ್ಲ. ಬನ್ನಿ."

ನೀರು ಕೊಟ್ಟಳು. ತಾನು ಕೂರಲಿಲ್ಲ. ಆದ್ಯಾ ಶಾಲೆಯ ಯೂನಿಫಾರ್ಮಿನಲ್ಲೇ ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಹದಿನಾರು ವರ್ಷ. ಅಪ್ಪನ ಹಣೆ, ಅಪ್ಪನ ಹಾಗೇ ಪೆನ್ನಿನ ತುದಿ ಕಚ್ಚುವ ಚಾಳಿ.

ಶಿವಪುತ್ರಪ್ಪ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಅನಸೂಯಾ ಅದರ ಕಡೆ ನೋಡಿ ಮುಖ ತಿರುಗಿಸಿದಳು.

"ಸುಡುಗಾಡಿನಾಗ ನೀವು ಒಂದ್ ಮಾತು ಕೇಳಿದ್ರಿ, ಅಕ್ಕಾರ. ನೋಡಿದ್ರೋ ಇಲ್ಲೋ ಅಂತ."

"ಕೇಳ್ದೆ. ನೋಡ್ದೆ ಅಂದ್ರಿ. ಎಂಟು ತಿಂಗಳಾದ್ಮೇಲೆ ನೋಡಿಲ್ಲ ಅಂತ ಸೈನ್ ಹಾಕಿದ್ರಿ."

"ನೋಡಿದ್ದೆ."

ಆತ ಹೇಳತೊಡಗಿದ. ಹೃಷಿಕೇಶ್ ಹೇಳಿದ ಮಾತುಗಳು ಆತನ ಬಾಯಲ್ಲಿ ಸರಿಯಾಗಿ ಕೂರಲಿಲ್ಲ. ಪರದೆ, ಮನೆ, ಅಕ್ಷರ ಎಂದು ತಡವರಿಸಿದ. ಕೊನೆಗೆ ಎದ್ದು ಫ್ರಿಜ್ಜಿಗೆ ಅಂಟಿಸಿದ್ದ ಬಿಳಿ ಹಲಗೆಯ ಹತ್ತಿರ ಹೋದ. ಹಾಲು, ಮೆಂತ್ಯ, ಉದ್ದಿನಬೇಳೆ ಎಂಬ ಪಟ್ಟಿಯ ಕೆಳಗೆ ಪೆನ್ನಿನಿಂದ 21 ಎಂದು ಬರೆದ. ಆಮೇಲೆ ಬೆರಳಿನಿಂದ ಮೊದಲ ಅಂಕಿ ಎರಡನ್ನಷ್ಟೇ ಒರೆಸಿ, ಅದೇ ಜಾಗದಲ್ಲಿ ಮತ್ತೆ ಎರಡು ಬರೆದ.

"ಕೋಣ್ಯಾಗ ಇದ್ದದ್ದು ಇಷ್ಟ, ಎರಡು. ಕಂಡದ್ದು ಇದು. ಬಾಗಲದ ಬೀಗಾನೂ ಇದನ್ನ ಓದಿ ಬಿಟ್ಟಿತು."

ಆದ್ಯಾ ಪೆನ್ನನ್ನು ಬಾಯಿಂದ ತೆಗೆದಳು. "ಸೋ ದಿ ಒನ್ ಜಸ್ಟ್ ಸ್ಟೇಡ್ ದೇರ್?"

"ಹೌದವ್ವಾ. ಅಲ್ಲೇ ಉಳೀತು."

"ಲಾಕ್ ಯಾಕೆ ಸ್ಕ್ರೀನ್ ಓದ್ಬೇಕು? ದಟ್ಸ್ ಸ್ಟುಪಿಡ್. ಹೂ ಡಸ್ ದಟ್?"

ಶಿವಪುತ್ರಪ್ಪ ಪೆನ್ನಿನ ಮುಚ್ಚಳ ಹಾಕಿದ. ಅದನ್ನು ಎಲ್ಲಿಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದ. ಅನಸೂಯಾ ಒಮ್ಮೆ ಆತನ ಮುಖ ನೋಡಿದಳು. ಆತ ನೆಲ ನೋಡುತ್ತಿದ್ದ. ಹುಡುಗಿ ಇಬ್ಬರನ್ನೂ ನೋಡಿದಳು.

"ವಾಸ್ ಇಟ್ ಡ್ಯಾಡ್?"

ಫ್ರಿಜ್ಜಿನ ಮೋಟರು ಗುರ್ ಎಂದು ಶುರುವಾಯಿತು. ಆದ್ಯಾ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ, ಎದೆಗೆ ಹಿಡಿದುಕೊಂಡು, ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೆಲ್ಲಗೇ ಹಾಕಿಕೊಂಡಳು.

ಅನಸೂಯಾ ಈಗ ಕೂತಳು.

"ಅವರ ಪ್ರೋಗ್ರಾಂ ಹದಿನೈದು ವರ್ಷ ಒಂದಿನಾನೂ ನಿಂತಿಲ್ಲ ಅಂತ ಆ ಕಂಪನಿಯೋರೇ ಶ್ರದ್ಧಾಂಜಲಿ ಸಭೇಲಿ ಹೇಳಿದ್ರು. ಅವಳು ಅದನ್ನ ರೆಕಾರ್ಡ್ ಮಾಡಿ ಇಟ್ಕೊಂಡಿದಾಳೆ. ತಾನೂ ಕಂಪ್ಯೂಟರ್ರೇ ಓದ್ತೀನಿ ಅಂತ ಹೊರಟಿದಾಳೆ." ಸ್ವಲ್ಪ ತಡೆದು ಕೇಳಿದಳು, "ಸೈನ್ ಯಾಕೆ ಹಾಕಿದ್ರಿ?"

"ದಿನಾ ಒಂದ ಮಾತು, ಒಂದ ಮಾತು. ಕಾಗದದಾಗ ಎರಡು ಅಂತೇತಿ, ನೀ ಹೆಂಗ ಇಪ್ಪತ್ತೊಂದು ನೋಡತಿ. ಕಡೀಕ ನನಗ ನನ್ನ ಕಣ್ಣಿನ ಮ್ಯಾಲಿಂದ ನಂಬಿಕಿ ಹೋತ್ರಿ. ಜೈಲಿನ ಹೆದರಿಕೀನೂ ಇತ್ತು. ಇಲ್ಲಂದ್ರ ಸುಳ್ಳಾಗತೇತಿ."

"ಮೂರು ವರ್ಷ ನಿಮ್ಮನ್ನ ಬೈಕೊಂಡು ಬೆಳಿಗ್ಗೆ ಎದ್ದಿದೀನಿ, ಶಿವಪುತ್ರಪ್ಪನವರೇ. ಬೈದ್ರೆ ಏಳೋಕೆ ಆಗ್ತಿತ್ತು. ನಾಳೆಯಿಂದ ಯಾರನ್ನ ಬೈದು ಏಳ್ಲಿ?"

ಆತ ಹೇಳದೇ ಉಳಿಸಿಕೊಂಡದ್ದು ಇನ್ನೂ ಒಂದಿತ್ತು. ಅದನ್ನು ಹೃಷಿಕೇಶನಿಗೂ ಹೇಳಿರಲಿಲ್ಲ, ರುದ್ರವ್ವನಿಗೂ ಹೇಳಿರಲಿಲ್ಲ. ವಿಮಾನದಲ್ಲಿ ಬರುವಾಗ, ಹೇಳಬೇಕಾದ್ದೇನೂ ಇಲ್ಲ, ಯಾರೂ ಕೇಳಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ.

"ಪರದೆ ಒರಸೂ ಕೀಲಿ ಒಂದಿತ್ತು. ದತ್ತ ಯಾವಾಗಲೂ ಅದನ್ನ ಒತ್ತೇ ಏಳತಿದ್ದ. ಅವತ್ತ ಒತ್ತಲಿಲ್ಲ. ರೊಟ್ಟಿ ಆರತಾವು, ಏಳೋ ಅಂತ ನಾ ಕೂಗಿದ್ದೆ. ಅರ್ಧಕ್ಕ ಎದ್ದು ಬಂದ."

ಅನಸೂಯಾ ಮೇಜಿನ ಮೇಲಿನ ಡಬ್ಬಿಯ ಕಡೆ ನೋಡಿದಳು.

"ಅವರು ಊಟ ಪೂರ್ತಿ ಮಾಡಿದ್ರಾ?"

"ಮಾಡಿದ. ಎರಡು ರೊಟ್ಟಿ, ಪಲ್ಲ್ಯಾ ಎಲ್ಲಾ ತಿಂದ. ರುದ್ರವ್ವಗ ಹೇಳು, ಖಾರಾ ಕಡಿಮಿ ಹಾಕು ಅಂತ ಅಂದ."

ಅನಸೂಯಾ ಎದ್ದು ಒಳಗೆ ಹೋದಳು. ಕಪಾಟು ತೆಗೆದ ಸದ್ದು, ಮುಚ್ಚಿದ ಸದ್ದು. ಬರುವಾಗ ಅವಳ ಕೈಯಲ್ಲಿ ರುದ್ರವ್ವನ ಡಬ್ಬಿ ಇತ್ತು. ಮುಚ್ಚಳದ ಮೇಲೆ ಬೈಲಹೊಂಗಲದ ಪಾತ್ರೆ ಅಂಗಡಿಯವನು ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು. ಅಂದು ಗುರುದತ್ತನ ಚೀಲದಲ್ಲಿ ಉಳಿದು, ಪೊಲೀಸರ ಕೈ ಸೇರಿ, ಅಲ್ಲಿಂದ ಇವಳ ಮನೆಗೆ ಬಂದದ್ದು.

"ಇದು ನಿಮ್ಮದು," ಎಂದಳು. "ಬರೆಸೋದಿದ್ರೆ ಬರೆಸಿ. ನಾನು ತಡೆಯಲ್ಲ. ಆ ಪ್ರೋಗ್ರಾಂ ಇನ್ನೆಲ್ಲಾದ್ರೂ ಓಡ್ತಿದ್ರೆ ನಿಲ್ಲಿಸ್ಲಿ. ಆದ್ರೆ ನನ್ನ ಬಾಯಿಂದ ಒಂದು ಮಾತು ಬೇಕು ಅಂತ ನೀವು ಬಂದಿದ್ರೆ, ಅದು ನನ್ನ ಹತ್ರ ಇಲ್ಲ. ಇವತ್ತೂ ಇಲ್ಲ, ಮುಂದೂ ಇರತ್ತೆ ಅಂತ ಹೇಳಲಾರೆ."

"ಅದಕ್ಕ ಬಂದಿಲ್ರಿ," ಎಂದ ಶಿವಪುತ್ರಪ್ಪ. ಅಂದಮೇಲೆ ಅದು ಪೂರ್ತಿ ನಿಜವಲ್ಲ ಎಂದು ಆತನಿಗೇ ಅನ್ನಿಸಿತು.

ಡಬ್ಬಿ ತೆಗೆದುಕೊಂಡು ಹೊರಬಂದ. ಬಾಗಿಲು ಮುಚ್ಚುವಾಗ ಕಂಡಂತೆ, ಹೋಳಿಗೆಯ ಡಬ್ಬಿ ಮೇಜಿನ ಮೇಲೆ ಇಟ್ಟಲ್ಲೇ ಇತ್ತು. ಬಿಳಿ ಹಲಗೆಯ ಮೇಲೆ ಉದ್ದಿನಬೇಳೆಯ ಕೆಳಗೆ ಇಪ್ಪತ್ತೊಂದೂ ಹಾಗೇ ಇತ್ತು.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಬೇಡ ಬೇಡವೆಂದರೂ ಕೈ ಕೇಳದೆ, ಡಬ್ಬಿಯ ಮುಚ್ಚಳ ತೆಗೆದ. ತೊಳೆದು, ಒರೆಸಿ, ಒಂದು ಹನಿ ನೀರಿನ ಕಲೆಯೂ ಇಲ್ಲದಂತೆ ಇಟ್ಟಿದ್ದಳು. ಒಳಗೆ ಏನೂ ಇರಲಿಲ್ಲ. ಒಂದು ಚಿಟಿಕೆ ಸಕ್ಕರೆಯೂ ಇರಲಿಲ್ಲ. ಆತ ಆ ತಳವನ್ನು ನೋಡಿ, ಮುಚ್ಚಳ ಒತ್ತಿ, ಫೋನ್ ತೆಗೆದ.

"ಹೃಷಿಕೇಶಾ, ಬರಿಯಪಾ."

"ಆಯ್ತು ಅಂಕಲ್. ಅನಸೂಯಾ ಆಂಟಿ ಏನಂದ್ರು?"

"ಏನೂ ಅನ್ನಲಿಲ್ಲ. ನೀ ಬರಕೋ. ಪರದೆ ಓದಿ ಬೀಗ ಬಿಟ್ಟದ್ದು ಒಂದು. ನಾ ಹಾಕಿದ ಸಹಿ ಸುಳ್ಳು ಅನ್ನೂದು ಒಂದು. ಆಮ್ಯಾಲ, ಅಂವಾ ಕೀಲಿ ಒತ್ತೂದ್ರಾಗ ಊಟಕ್ಕ ಬಾ ಅಂತ ಕರದಾಂವ ನಾನ ಅಂತ ಬರಿ."

"ಅಂಕಲ್, ಸಹಿ ಸುಳ್ಳು ಅಂದ್ರೆ ಅದೇ ಒಂದು ಕೇಸ್ ಆಗಬಹುದು. ಊಟದ್ದು ಯಾರೂ ಕೇಳೋದೂ ಇಲ್ಲ. ಅದು ಯಾಕೆ?"

"ಬರೀ ಅಂದ್ನಲ್ಲ. ಮೂರೂ ಬರಿ. ಬರದು ನನಗ ಓದಿ ಹೇಳು."

ಪ್ಯಾರಮ್ಯಾಟಾ ಕಡೆಯ ರೈಲು ಬಂತು. ಶಾಲೆ ಬಿಟ್ಟ ಮಕ್ಕಳು ನೂಕಾಡುತ್ತ ಇಳಿದರು. ಶಿವಪುತ್ರಪ್ಪ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಹತ್ತಿದ. ಬರಿ ಡಬ್ಬಿ, ಹೆಜ್ಜೆಗೊಮ್ಮೆ ಅದರ ಮುಚ್ಚಳ ಸಣ್ಣಗೆ ಸದ್ದು ಮಾಡುತ್ತಿತ್ತು.